ಅವ್ವನ ಮಲ್ಲಿಗೆ, ಅತ್ತೆಯ ಬುಟ್ಟಿ

ಪ್ರಶ್ನೆ: ನನಗೆ 44 ವರ್ಷ. ಹುಬ್ಬಳ್ಳಿಯಲ್ಲಿ ಗಂಡ, ಅತ್ತೆ, ಪಿಯುಸಿ ಓದುವ ಮಗಳ ಜೊತೆ ಇದ್ದೇನೆ. ತವರು ಗದಗ ಪಕ್ಕದ ಬೆಟಗೇರಿ. ಕಳೆದ ವರ್ಷ ಅವ್ವ ತೀರಿಕೊಂಡಳು. ದಿನಕರ್ಮ ಮುಗಿಸಿ ಬಂದ ಮರುದಿನವೇ ರೊಟ್ಟಿ ಬಡಿಯಲು ಕೂತೆ. ಆಮೇಲೆ ಇಲ್ಲಿ ಯಾರೂ ಅವ್ವನ ಮಾತು ಎತ್ತಲಿಲ್ಲ. ಅವ್ವ ಮಗ್ಗದ ಕಂಡಿಕಿಗೆ ನೂಲು ಸುತ್ತುತ್ತಾ ಹಿತ್ತಲಿನ ದುಂಡು ಮಲ್ಲಿಗೆ ಗಿಡದ ಪಕ್ಕ ಕೂರುತ್ತಿದ್ದಳು. ಬರುವಾಗ ಅದರ ಒಂದು ಕಡ್ಡಿಯನ್ನು ಹಾಲಿನ ಪಾಕೀಟಿನಲ್ಲಿ ಇಟ್ಟುಕೊಂಡು ಬಂದು ಇಲ್ಲಿ ನೆಟ್ಟೆ. ಈ ಬೇಸಿಗೆಯಲ್ಲಿ ಮೊಗ್ಗು ಬಿಟ್ಟಿದೆ. ದಿನಾ ಮೊಬೈಲಿನಲ್ಲಿ ಹೂವಿನ ಫೋಟೋ ತೆಗೆಯುತ್ತೇನೆ. ದಾಸವಾಳ, ಅಬ್ಬಲಿಗೆ, ಎಲೆಯ ಮೇಲಿನ ಇರುವೆ, ಯಾವುದನ್ನೂ ಬಿಡುವುದಿಲ್ಲ. ಆ ಹತ್ತು ನಿಮಿಷ ಮನಸ್ಸು ಹಗುರ. ಆದರೆ ನಾನು ಏಳುವುದರೊಳಗೆ ಅತ್ತೆ ಮಲ್ಲಿಗೆ ಮೊಗ್ಗು ಒಂದೂ ಉಳಿಸದೆ ಬಿಡಿಸಿರುತ್ತಾರೆ. ಕೇಳಿದರೆ "ದೇವರಿಗೆ ಏರಸೋ ಹೂವು ಗಿಡದಾಗ ಒಣಗಸ್ತಿ ಏನು?" ಎನ್ನುತ್ತಾರೆ. ಗಂಡ ಮೊನ್ನೆ ಫೋನ್ ಫುಲ್ ಆಗಿದೆ ಅಂತ "ಒಂದ ಹೂವಿಂದು ಐವತ್ತ ಫೋಟೋ ಯಾಕ ಬೇಕು" ಎಂದು ಒಂದಿಷ್ಟು ಅಳಿಸಿಬಿಟ್ಟರು. ಅವ್ವನ ಹಿತ್ತಲಿನ ಫೋಟೋಗಳೂ ಅದರಲ್ಲಿ ಹೋದವು. ಆ ಹಿತ್ತಲಿಗೆ ಈಗ ಅಣ್ಣ ಕಾಂಕ್ರೀಟ್ ಹಾಕಿಸಿದ್ದಾನೆ. ತವರಿಗೆ ಹೋಗಲು ಮನಸ್ಸಾಗುವುದಿಲ್ಲ. ಗಂಡನ ಜೊತೆ ಮಾತು ಬಿಟ್ಟಿದ್ದೇನೆ. ಒಂದು ಹೂವಿಗಾಗಿ ಇಷ್ಟು ಸಿಟ್ಟು ಬರುವುದು ಹುಚ್ಚೇ?

ಉತ್ತರ: ಮೊದಲು ಫೋನ್ ಕೈಗೆ ತೆಗೆದುಕೊಳ್ಳಿ. ಉಳಿದ ಮಾತು ಆಮೇಲೆ. ಅಳಿಸಿದ ಫೋಟೋ ತಕ್ಷಣ ಮಾಯವಾಗುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಕಸದ ಬುಟ್ಟಿಯ ಗುರುತು ಇರುತ್ತದೆ ನೋಡಿ. ಬ್ಯಾಕಪ್ ಆಗಿದ್ದ ಫೋಟೋ ಅದರಲ್ಲಿ 60 ದಿನ ಬಿದ್ದಿರುತ್ತದೆ. ಬ್ಯಾಕಪ್ ಆಗದಿದ್ದರೆ 30 ದಿನ. ಮಗಳನ್ನು ಕರೆಯಿರಿ, ಅವಳಿಗೆ ಎರಡು ನಿಮಿಷದ ಕೆಲಸ. ಸಿಕ್ಕರೆ ಅವತ್ತೇ ಹತ್ತು ಆರಿಸಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. ಫೋನ್ ಇವತ್ತು ನೀರಿಗೆ ಬೀಳಬಹುದು, ನಾಳೆ ಕಳೆಯಬಹುದು. ಕಾಗದ ಕಪಾಟಿನಲ್ಲಿ ಸೀರೆಗಳ ನಡುವೆ ಹಾಯಾಗಿ ಇರುತ್ತದೆ.

ಸಿಗಲಿಲ್ಲ ಎನ್ನಿ. ಅಣ್ಣನ ಹೆಂಡತಿಗೆ, ಬೆಟಗೇರಿಯ ಓಣಿಯ ಮಂದಿಗೆ ಫೋನ್ ಮಾಡಿ. ಮದುವೆ, ಕುಪ್ಪಸ, ತೊಟ್ಟಿಲು ಅಂತ ಆ ಮನೆಯಲ್ಲಿ ಎಷ್ಟು ಫೋಟೋ ತೆಗೆದಿಲ್ಲ? ಯಾರೋ ಸೆರಗು ಸರಿ ಮಾಡಿಕೊಳ್ಳುತ್ತಾ ನಿಂತಿರುತ್ತಾರೆ, ಅವರ ಬೆನ್ನ ಹಿಂದೆ ಅವ್ವನ ಗಿಡ ನಿಂತಿರುತ್ತದೆ. ಹುಡುಕಿದರೆ ಸಿಗುತ್ತದೆ.

ಇನ್ನು ಸಿಟ್ಟಿನ ವಿಷಯ. ಹುಚ್ಚು ಅನ್ನಬೇಡಿ. ಗಂಡನ ಮನೆಯಲ್ಲಿ ಸಾವಾದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ಬಂದವರೆಲ್ಲ ನಡುಮನೆಯಲ್ಲಿ ಕೂತು ಹೋದವರ ಕತೆ ಹೇಳುತ್ತಾರೆ. ಸೊಸೆಯ ಅವ್ವ ಸತ್ತರೆ? ಹೋಗಿ ಬಂದಳು, ಮುಗೀತು. ಮುಂದಿನ ವಾರ ಹೋಳಿಗೆಗೆ ಬೇಳೆ ಬೇಯಿಸುವವಳೂ ಅವಳೇ. ಯಾರೂ ಬೇಕಂತ ಮಾಡುವುದಲ್ಲ ಇದು, ಆದರೂ ಚುಚ್ಚುತ್ತದೆ. ಮನೆಯಲ್ಲಿ ಜಾಗ ಸಿಗದ ದುಃಖ ಹಿತ್ತಲಿಗೆ ಹೋಗಿ ಒಂದು ಗಿಡದ ಬುಡದಲ್ಲಿ ಕೂತಿದೆ, ಅಷ್ಟೇ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಒಂದು ಮಾತು ಹುಡುಕುತ್ತಿದ್ದೆ, ಸಿಗಲಿಲ್ಲ. ಆ ಕಡ್ಡಿ ಎಲ್ಲಿಂದ ಬಂತು ಅಂತ ಅತ್ತೆಗೆ ಹೇಳಿದ್ದೀರಾ? ಇಲ್ಲ ಅಂತ ನನ್ನ ಗುಮಾನಿ. ಹೇಳದೆಯೇ ಅವರಿಗೆ ಗೊತ್ತಾಗಲಿ ಅಂತ ಕಾದಿದ್ದೀರಿ, ಗೊತ್ತಾಗಲಿಲ್ಲ ಅಂತ ಒಳಗೊಳಗೇ ಕುದಿಯುತ್ತಿದ್ದೀರಿ. ಅವರ ಕಣ್ಣಿಗೆ ಅದು ಬರೀ ಮಲ್ಲಿಗೆ ಗಿಡ. ಮೊಗ್ಗು ಕಂಡಿತು, ಬಿಡಿಸಿದರು.

ಬೆಳಗಿನ ಜಾವ ಎದ್ದು ಬುಟ್ಟಿ ಹಿಡಿಯುವ ಹೆಂಗಸರನ್ನು ನಾನು ಚೆನ್ನಾಗಿ ಬಲ್ಲೆ. ನಮ್ಮತ್ತೆ ಹಾಗೇ ಇದ್ದರು. ಧಾರವಾಡದ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಕಂಪೌಂಡ್ ದಾಟಿ ಇಣುಕಿದ ಕಣಗಿಲವನ್ನೂ ಬಿಡುತ್ತಿರಲಿಲ್ಲ. ತಂದ ಹೂವನ್ನು ಪಡಸಾಲೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಹರವಿ, ಬಿಳಿಯದು ಒಂದು ಕಡೆ, ಕೆಂಪು ಒಂದು ಕಡೆ, ತೊಟ್ಟು ಮುರಿದದ್ದು ಒಂದು ಕಡೆ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತಾಡಿಸುವಂತಿರಲಿಲ್ಲ. ಚಹಾ ಆರಿ ಹೋದರೂ ಸರಿ. ನನಗೆ ಆಗ ಸಿಟ್ಟು ಬರುತ್ತಿತ್ತು. ಇಡೀ ದಿನದಲ್ಲಿ ಅವರದ್ದೇ ಅಂತ ಇದ್ದ ಹೊತ್ತು ಅದೊಂದೇ ಎಂದು ತಿಳಿಯುವ ಹೊತ್ತಿಗೆ ಅವರು ಇರಲಿಲ್ಲ. ನೀವು ಹತ್ತು ನಿಮಿಷ ಎಂದು ಬರೆದಿದ್ದೀರಲ್ಲ, ನಿಮ್ಮ ಅತ್ತೆಗೂ ಅಂಥದ್ದೇ ಹತ್ತು ನಿಮಿಷ ಇರಬಹುದು.

ಅದೃಷ್ಟಕ್ಕೆ ನಿಮ್ಮ ಜಗಳವನ್ನು ಮಲ್ಲಿಗೆಯೇ ಬಿಡಿಸುತ್ತದೆ. ದುಂಡು ಮಲ್ಲಿಗೆ ಬೆಳಗ್ಗೆ ಮೊಗ್ಗು, ಕತ್ತಲಾಗುವ ಹೊತ್ತಿಗೆ ಅರಳುತ್ತದೆ. ಅತ್ತೆಗೆ ಬೇಕಾದದ್ದು ಬೆಳಗಿನ ಮೊಗ್ಗು. ನಿಮಗೆ ಬೇಕಾದದ್ದು ಅರಳಿದ ಹೂವು. ಕೆಳಗಿನ ಒಂದು ಟೊಂಗೆಗೆ ಕೆಂಪು ದಾರ ಕಟ್ಟಿ, "ಇದೊಂದ ನನಗ ಬಿಡ್ರಿ, ಉಳಿದದ್ದೆಲ್ಲಾ ದೇವರಿಗೆ" ಎನ್ನಿ. ದೇವರ ಪಾಲು ಕಮ್ಮಿಯಾಯಿತು ಅಂತ ಅವರು ಎರಡು ದಿನ ಗೊಣಗಬಹುದು. ಗೊಣಗಲಿ.

ಸಂಜೆಯ ಮೆತ್ತಗಿನ ಬೆಳಕು ಬಿಳಿ ಹೂವಿಗೆ ಒಳ್ಳೆಯದು ಕೂಡ. ಮಟಮಟ ಮಧ್ಯಾಹ್ನ ತೆಗೆದರೆ ಎಸಳಿನ ಗೆರೆಯೆಲ್ಲ ಅಳಿಸಿಹೋಗಿ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತದೆ. ಪರದೆಯ ಮೇಲೆ ಹೂವನ್ನು ಬೆರಳಿಂದ ಮುಟ್ಟಿ. ಬಹಳಷ್ಟು ಫೋನುಗಳಲ್ಲಿ ಪಕ್ಕದಲ್ಲಿ ಪುಟ್ಟ ಸೂರ್ಯ ಬರುತ್ತಾನೆ, ಅವನನ್ನು ಸ್ವಲ್ಪ ಕೆಳಗೆ ಎಳೆಯಿರಿ. ಜೂಮ್ ಮಾಡಬೇಡಿ, ನೀವೇ ಹತ್ತಿರ ಹೋಗಿ. ರಾತ್ರಿ ಮಗಳ ಜೊತೆ ಕೂತು ಐವತ್ತರಲ್ಲಿ ಎರಡು ಉಳಿಸಿ. ಐವತ್ತು ಜಾಸ್ತಿಯೇ ಆಯ್ತು, ಅಷ್ಟರ ಮಟ್ಟಿಗೆ ನಿಮ್ಮ ಯಜಮಾನರ ಮಾತು ಖರೆ.

ಆದರೆ ಕೇಳದೆ ಅಳಿಸಿದ್ದು ಪೂರ್ತಿ ತಪ್ಪು. ಅದನ್ನು ಬಾಯಿಬಿಟ್ಟು ಹೇಳಿ. ಮಾತು ಬಿಟ್ಟು ಕೂತರೆ ಅವರು "ಯಾಕೋ ಸಿಟ್ಟಾಗ್ಯಾಳ" ಅಂತ ಟಿವಿ ಹಚ್ಚುತ್ತಾರೆ. ಹೂವಿನ ಫೋಟೋ ಅಳಿಸಿದಿರಿ ಎಂದರೆ ಅವರಿಗೆ ತಟ್ಟುವುದಿಲ್ಲ. ಅವ್ವನ ಹಿತ್ತಲು ಅಳಿಸಿದಿರಿ ಎನ್ನಿ. ಹೇಳಿ ಎದ್ದು ಹೋಗಬೇಡಿ, ಅಲ್ಲೇ ಕೂತಿರಿ.

ಇನ್ನೊಂದು ಮಾತು. ಒಂದೇ ಗಿಡದಲ್ಲಿ ಇಡೀ ಅವ್ವನನ್ನು ಇಟ್ಟುಕೊಂಡಿದ್ದೀರಿ. ನಾಳೆ ಗೆದ್ದಲು ಹಿಡಿದರೆ? ಮಳೆ ಹಿಡಿದ ಮೇಲೆ ನೆಲಕ್ಕೆ ಹತ್ತಿರದ ಎರಡು ಟೊಂಗೆಗಳನ್ನು ಬಗ್ಗಿಸಿ, ಗೆಣ್ಣಿನ ಹತ್ತಿರ ತೊಗಟೆ ಸ್ವಲ್ಪ ಕೆರೆದು, ಮಣ್ಣಲ್ಲಿ ಹೂತು, ಮೇಲೊಂದು ಕಲ್ಲು ಇಡಿ. ತುದಿ ಹೊರಗೆ ಇರಲಿ. ಮಣ್ಣು ಹಸಿಯಾಗಿದ್ದರೆ ಎರಡು-ಮೂರು ತಿಂಗಳಲ್ಲಿ ಬೇರು ಬಿಡುತ್ತದೆ, ಆಮೇಲೆ ತಾಯಿ ಗಿಡದಿಂದ ಕತ್ತರಿಸಿ. ಅತ್ತೆಗೊಂದು ಗಿಡ, ನಿಮಗೊಂದು. ಮೂರನೆಯದನ್ನು ಕುಂಡದಲ್ಲಿ ಹಾಕಿಕೊಂಡು ಬೆಟಗೇರಿಗೆ ಒಯ್ಯಿರಿ. ಕಾಂಕ್ರೀಟಿನ ಮೇಲೆ ಕುಂಡ ಇಡಬಾರದು ಅಂತ ಎಲ್ಲಿದೆ? ಅಣ್ಣನೂ ಅವ್ವನನ್ನು ಕಳೆದುಕೊಂಡವನೇ.

ಹೋಗಲು ಮನಸ್ಸಿಲ್ಲ ಎಂದಿರಿ. ಹಾಗಿದ್ದರೆ ತವರಿಗೆ ಅಂತ ಹೋಗಬೇಡಿ, ಡಿಸೆಂಬರ್-ಜನವರಿಯಲ್ಲಿ ಹೊಲ ನೋಡಲು ಅಂತ ಮನೆಮಂದಿಯೆಲ್ಲ ಹೊರಡಿ. ಅಣ್ಣಿಗೇರಿ ಕಡೆಯ ಎರೆ ಹೊಲಗಳಲ್ಲಿ ಕಡಲೆಯ ನಡುವೆ ಕುಸುಬಿ ಹೂ ಬಿಟ್ಟಿರುತ್ತದೆ. ಮೊದಲು ಹಳದಿ, ಹಳೆಯದಾದಂತೆ ಕೇಸರಿ, ಕೆಂಪು. ಮುಳ್ಳು ಚುಚ್ಚುತ್ತದೆ, ಹುಷಾರು. ಅಗಸಿ ಹೊಲ ಸಿಕ್ಕರೆ ಬೆಳಗ್ಗೆಯೇ ನೋಡಿ. ಆ ನೀಲಿ ಎಸಳು ಮಧ್ಯಾಹ್ನದ ಹೊತ್ತಿಗೆ ಉದುರಿಬಿಡುತ್ತದೆ. ಹಾಗೇ ಮುಂದೆ ಗದಗ ದಾಟಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಅದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಅಲ್ಲಿ ಬಂದು ಇಳಿಯುತ್ತವೆ. ಮೊಬೈಲಿನಲ್ಲಿ ಅವು ಸಾಸಿವೆ ಕಾಳಿನಷ್ಟು ಬರುತ್ತವೆ. ಫೋಟೋ ಬಿಟ್ಟು ಸುಮ್ನೆ ನೋಡಿ. ವಾಪಸ್ ಬರುವಾಗ ಬೆಟಗೇರಿ ದಾರಿಯಲ್ಲೇ ಸಿಗುತ್ತದೆ, ಚಹಾಕ್ಕೆ ನಿಲ್ಲುವುದು ಬಿಡುವುದು ನಿಮಗೆ ಬಿಟ್ಟದ್ದು.

ಆ ಹತ್ತು ನಿಮಿಷ ಬಿಟ್ಟು ದಿನದ ಉಳಿದ ಹೊತ್ತು ಹೇಗಿರುತ್ತದೆ ಎಂದು ನೀವು ಬರೆದಿಲ್ಲ. ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಆಗಿದ್ದರೆ, ಯಾಕಾದರೂ ಬದುಕಿದ್ದೇನೋ ಅನಿಸುತ್ತಿದ್ದರೆ ಅದನ್ನು ಹೂವಿನ ಮೇಲೆ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವೇನಲ್ಲ.

ಅತ್ತೆಗೆ ಹೇಗೆ ಹೇಳುವುದು ಅಂತ ಯೋಚನೆ ಮಾಡುತ್ತಾ ಇನ್ನೊಂದು ತಿಂಗಳು ಕಳೆಯಬೇಡಿ. ನಾಳೆ ಬೆಳಗ್ಗೆ ಅವರಿಗಿಂತ ಮುಂಚೆ ಏಳುವ ಪಂದ್ಯ ಬಿಟ್ಟು, ಅವರು ಬುಟ್ಟಿ ತಂದು ಪಡಸಾಲೆಯಲ್ಲಿ ಕೂತಾಗ ಎದುರಿಗೆ ಕೂತು ಮೊಗ್ಗು ಜೋಡಿಸಿ ಕೊಡಿ. ಕಂಡಿಕಿಯಿಂದ ಶುರು ಮಾಡಿ. ನಮ್ಮವ್ವ ಹಿತ್ತಲಿನಲ್ಲಿ ಕೂತು ಕಂಡಿಕಿ ಸುತ್ತುತ್ತಿದ್ದಳು, ಪಕ್ಕದಲ್ಲೇ ಈ ಗಿಡದ ತಾಯಿ ಗಿಡ ಇತ್ತು, ಅಂತ. ಮೊಗ್ಗು ಕಟ್ಟುವ ದಾರ ಹೇಗೂ ಅವರ ಬೆರಳಲ್ಲೇ ಇರುತ್ತದೆ.