ಪ್ರತಿಕ್ರಿಯೆ: ಚಟ್ನಿಪುಡಿ ಘಟಕಕ್ಕೆ ಎಲಿವೇಟ್ ಅನುದಾನ ಯಾಕೆ ಸಿಗಲಿಲ್ಲ?

ರಾಜಾಜಿನಗರದ ಮನೆಯಲ್ಲೇ, ನಿಮ್ಮೊಬ್ಬರ ಹೆಸರಿನ ಪ್ರೊಪ್ರೈಟರ್‌ಶಿಪ್‌ನಲ್ಲಿ ಚಟ್ನಿಪುಡಿ ಮಾಡುತ್ತೀರಿ ಅಂದಿದ್ದೀರಿ. ಅರ್ಜಿ ಬಿದ್ದುಹೋಗಲು ಬಹುಶಃ ಅದೇ ಕಾರಣ. ರಾಜ್ಯ ಸರ್ಕಾರದ ಎಲಿವೇಟ್ ಇರುವುದು ಹೊಸ ಐಡಿಯಾ, ತಂತ್ರಜ್ಞಾನದ ಸ್ಟಾರ್ಟಪ್‌ಗಳಿಗೆ. ಸುಮ್ನೆ ಮತ್ತೆ ಅದಕ್ಕೇ ಹಾಕಬೇಡಿ.

ನಿಮಗೆ ಸರಿಹೋಗುವುದು ಪಿಎಂಎಫ್‌ಎಂಇ, ಅಂದರೆ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಇರುವ ಪ್ರಧಾನಮಂತ್ರಿ ಯೋಜನೆ. ಘಟಕದ ವೆಚ್ಚದಲ್ಲಿ ಯೋಜನೆಯಿಂದ 35% ಸಹಾಯಧನ, ಗರಿಷ್ಠ 10 ಲಕ್ಷ. ಕೈಯಿಂದ ಕನಿಷ್ಠ 10% ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ.

ಮೊದಲು ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿ. ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ, ದುಡ್ಡು ಕೇಳುವ ಸೈಟ್‌ಗಳ ಹತ್ತಿರವೂ ಹೋಗಬೇಡಿ. ಆಮೇಲೆ ರಾಜ್ಯದಲ್ಲಿ ಈ ಯೋಜನೆ ನೋಡಿಕೊಳ್ಳುವ ಸರ್ಕಾರಿ ನಿಗಮ ಕೆಪೆಕ್‌ನ ಹೆಬ್ಬಾಳದ ಕಚೇರಿಗೆ ಹೋಗಿ, ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ, ರಾಜ್ಯದ ಹೆಚ್ಚುವರಿ ಸಹಾಯಧನ ಎಷ್ಟು ಅಂತ ಕೇಳಿ. ಜಿಲ್ಲಾ ಸಂಪನ್ಮೂಲ ವ್ಯಕ್ತಿಯ ನಂಬರ್ ಕೂಡ ತೆಗೆದುಕೊಳ್ಳಿ. ಪ್ರಾಜೆಕ್ಟ್ ರಿಪೋರ್ಟ್ ಮಾಡಲು ಅವರೇ ನೆರವಾಗುತ್ತಾರೆ.

ಯಂತ್ರ ಮಾರುವವರು ಬೆಲೆ ಬರೆದುಕೊಡುವ ಕೊಟೇಶನ್ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ನನ್ನ ಖಾರದಪುಡಿ ಘಟಕದ ಅರ್ಜಿ ಬ್ಯಾಂಕಿನಲ್ಲಿ ಎರಡು ತಿಂಗಳು ನಿಂತಿದ್ದು ಅದಕ್ಕೇ. ಪಲ್ವರೈಸರ್ (ಪುಡಿ ಮಾಡುವ ಯಂತ್ರ) ಬೆಲೆಯನ್ನು ಅಂಗಡಿಯವರು ಬಿಳಿ ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಜಿಎಸ್‌ಟಿ ನಂಬರೂ ಇಲ್ಲ, ಸೀಲೂ ಇಲ್ಲ.

ಸಹಾಯಧನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಇದ್ದು, ಕಂತು ಸರಿಯಾಗಿ ಕಟ್ಟಿದರೆ 3 ವರ್ಷದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಪೂರ್ತಿ ಸಾಲದ ಕಂತು ಲೆಕ್ಕ ಹಾಕಿಕೊಂಡೇ ಬ್ಯಾಂಕಿಗೆ ಹೋಗಿ.