ಕಾಳು ಬಲಿತರೆ ಪ್ರೋಟೀನ್ ಎಲ್ಲಿಗೆ ಹೋಗುತ್ತೆ?

ಪ್ರಶ್ನೆ: ಗೋಧಿ, ಮೆಕ್ಕೆಜೋಳ, ಭತ್ತದಂಥ ಧಾನ್ಯಗಳ ಹಾಲುಗಾಳಿನಲ್ಲಿ (ಒತ್ತಿದರೆ ಹಾಲು ಬರುವ ಎಳೆ ಕಾಳು) ಪ್ರೋಟೀನ್ ಪ್ರಮಾಣ ಜಾಸ್ತಿ, ಬಲಿತ ಮೇಲೆ ಕಡಿಮೆ ಎಂದು ಓದಿದೆ. ಬಲಿತಂತೆ ಹೆಚ್ಚಬೇಕಲ್ವಾ? ಇದ್ದದ್ದು ಎಲ್ಲಿಗೆ ಹೋಯಿತು?

ಉತ್ತರ: ಎಲ್ಲಿಗೂ ಹೋಗಿಲ್ಲ. ನೀವು ಓದಿದ್ದು ಶೇಕಡಾವಾರು ಲೆಕ್ಕ, ದಾರಿ ತಪ್ಪಿಸುವುದೂ ಅದೇ. ಒಂದೇ ಕಾಳಿನೊಳಗೆ ಎಷ್ಟು ಮಿಲಿಗ್ರಾಂ ಇದೆ ಎಂದು ನೋಡಿದರೆ, ಕಾಳು ತುಂಬುವಷ್ಟು ದಿನವೂ ಪ್ರೋಟೀನ್ ಏರುತ್ತಲೇ ಇರುತ್ತದೆ. ಆದರೆ ಪಿಷ್ಟ ಅದಕ್ಕಿಂತ ಜೋರಾಗಿ ತುಂಬುತ್ತದೆ, ಹಾಗಾಗಿ ಒಣ ತೂಕದಲ್ಲಿ ಪ್ರೋಟೀನಿನ ಪಾಲು ಇಳಿದಂತೆ ಕಾಣುತ್ತದೆ. ಕೊನೆಗೆ ಬಿಸಿಲು ಹೆಚ್ಚಾಗಿ ಪಿಷ್ಟ ತುಂಬುವುದು ಅರ್ಧಕ್ಕೇ ನಿಂತರೆ ಇದು ಉಲ್ಟಾ. ಕಾಳು ಸೊರಗುತ್ತದೆ, ಪ್ರೋಟೀನ್ ಶೇಕಡಾ ಏರುತ್ತದೆ! ಅದನ್ನು ಒಳ್ಳೇ ಬೆಳೆ ಅಂತ ಯಾರೂ ಅನ್ನಲ್ಲ ಬಿಡಿ.

ನಿಜವಾಗಿ ಬದಲಾಗುವುದು ಪ್ರೋಟೀನಿನ ಜಾತಿ. ಎಲೆ, ಕಾಂಡಗಳಿಂದ ಹರಿದುಬಂದ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು, ಎಳೆ ಕಾಳಿನಲ್ಲಿ ಇನ್ನೂ ಬಿಡಿಬಿಡಿಯಾಗಿ ಸಾಕಷ್ಟು ಇರುತ್ತವೆ. ಆಗಿರುವ ಪ್ರೋಟೀನಿನಲ್ಲಿ ಆಲ್ಬುಮಿನ್, ಗ್ಲಾಬ್ಯುಲಿನ್ ಎಂಬ ಬಗೆಗಳ ಪಾಲು ದೊಡ್ಡದು. ಕಾಳು ಬೆಳೆಯಲು ಬೇಕಾದ ಕಿಣ್ವಗಳು ಹೆಚ್ಚಾಗಿ ಇವುಗಳಲ್ಲೇ, ನಮ್ಮ ದೇಹ ತಾನೇ ತಯಾರಿಸಲಾಗದ, ಊಟದಿಂದಲೇ ಬರಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಕೂಡ ಇವುಗಳಲ್ಲಿ ಚೆನ್ನಾಗಿದೆ. ಆಮೇಲೆ ದಾಸ್ತಾನು ಪ್ರೋಟೀನ್‌ಗಳು ಶುರು: ಗೋಧಿಯಲ್ಲಿ ಗ್ಲಯಾಡಿನ್, ಗ್ಲುಟೆನಿನ್, ಮೆಕ್ಕೆಜೋಳದಲ್ಲಿ ಝೀಯಿನ್. ಮುಂದೆ ಮೊಳಕೆಯೊಡೆಯುವ ಸಸಿಗೆ ತಾಯಿಗಿಡ ಕಟ್ಟಿಕೊಡುವ ಸಾರಜನಕದ ಬುತ್ತಿ ಇದು. ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಒಂದೊಂದು ಅಣುವಿನಲ್ಲೂ ಎರಡೆರಡು ಸಾರಜನಕ ಇರುವುದರಿಂದ ಬುತ್ತಿಗೆ ಹೇಳಿ ಮಾಡಿಸಿದ ಸರಕು, ಗೋಧಿಯ ದಾಸ್ತಾನಿನಲ್ಲಿ ಅದೂ ಪ್ರೋಲಿನ್ ಎಂಬ ಇನ್ನೊಂದು ಅಮೈನೋ ಆಮ್ಲವೂ ತುಂಬಿ ತುಳುಕುತ್ತವೆ. ಲೈಸಿನ್ ಮಾತ್ರ ತೀರಾ ಕಡಿಮೆ, ಝೀಯಿನ್‌ನಲ್ಲಂತೂ ಇಲ್ಲವೆಂದೇ ಹೇಳಬಹುದು. ದಾಸ್ತಾನು ಬೆಳೆದಷ್ಟೂ ಒಟ್ಟು ಪ್ರೋಟೀನಿನಲ್ಲಿ ಲೈಸಿನ್ ಪಾಲು ಕುಗ್ಗುತ್ತದೆ. ಭತ್ತದ ದಾಸ್ತಾನು ಬಹುಪಾಲು ಗ್ಲುಟೆಲಿನ್ ಎಂಬ ಪ್ರೋಟೀನ್, ಅದರಲ್ಲಿ ಲೈಸಿನ್ ಸ್ವಲ್ಪ ಜಾಸ್ತಿ, ಅದಕ್ಕೇ ಅಕ್ಕಿಯ ಸ್ಥಿತಿ ಅಷ್ಟು ಕೆಟ್ಟಿಲ್ಲ.

ಈ ದಾಸ್ತಾನನ್ನೇ ತಡೆದರೆ? 1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮರ್ಟ್ಜ್, ನೆಲ್ಸನ್ ತಂಡ ಒಪೇಕ್-2 ಎಂಬ ಮೆಕ್ಕೆಜೋಳದಲ್ಲಿ ಝೀಯಿನ್ ಕಡಿಮೆ, ಲೈಸಿನ್ ಸುಮಾರು ದುಪ್ಪಟ್ಟು ಎಂದು ತೋರಿಸಿತು. ಆದರೆ ಕಾಳು ಮೆತ್ತಗೆ, ಇಳುವರಿ ಕಡಿಮೆ, ಹುಳುಗಳಿಗೆ ಹಬ್ಬ. ಅದನ್ನು ಗಟ್ಟಿ ಕಾಳಿನ ತಳಿಯಾಗಿಸಲು ಮೆಕ್ಸಿಕೋದಲ್ಲಿ ವಾಸಲ್, ವಿಲ್ಲೆಗಾಸ್ ಎಂಬ ವಿಜ್ಞಾನಿಗಳು ದಶಕಗಳನ್ನೇ ಕಳೆದರು. 2000ದಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು.

ಪ್ರಶ್ನೆ: ಹಾಗಾದರೆ ಎಳೆಯದರಲ್ಲೇ ಕೊಯ್ದರೆ ಲಾಭವಲ್ವಾ?

ಉತ್ತರ: ಲೈಸಿನ್ ಪಾಲು ಚೆನ್ನಾಗಿದೆ ನಿಜ, ಆದರೆ ಕಾಳೇ ಪುಟ್ಟದು, ಹೆಚ್ಚಿನಂಶ ನೀರು. ಲೈಸಿನ್ ಬೇಕಿದ್ದರೆ ಬಲಿತ ಕಾಳಿನ ಜೊತೆ ಬೇಳೆ ಸೇರಿಸಿಕೊಳ್ಳುವುದು ಸುಲಭ.