ಬುದ್ಧನ ಮಾತು ಹರಡಿದ್ದು ಕಿವಿಯಿಂದ ಕಿವಿಗೆ

ಪುಸ್ತಕಗಳೇ ಇಲ್ಲದ ಕಾಲದಲ್ಲಿ ಬುದ್ಧನ ಬೋಧನೆ ಅಷ್ಟು ದೂರ ಹೇಗೆ ಹರಡಿತು, ಬರೆದಿಟ್ಟ ಮೇಲೆ ಬಾಯಿಮಾತಿನ ಕೆಲಸ ಮುಗಿಯಿತಾ ಅಂತ ಕೇಳಿದ್ದೀರಿ. ಮುಗಿಯಲಿಲ್ಲ. ಶುರುವಿನ ಬರಹಗಳನ್ನೂ ಕೇಳಿಸುವುದಕ್ಕೇ ಮಾಡಿದ್ದರು ಅಂತ ನನಗನ್ನಿಸುತ್ತದೆ.

ಬುದ್ಧ ತೀರಿಕೊಂಡ ಮೇಲೆ ಕೆಲವು ಶತಮಾನ ಎಲ್ಲವೂ ಭಿಕ್ಷುಗಳ ನಾಲಿಗೆಯ ಮೇಲೇ ಇತ್ತು. ಬಾಯಿಪಾಠ ಮಾಡುವವರಿಗೆ ಭಾಣಕರು ಅಂತ ಹೆಸರು. ಸುತ್ತ ಅಂದರೆ ಬುದ್ಧನ ಉಪದೇಶದ ಪಾಠ. ಉದ್ದದ ಸುತ್ತಗಳು ಒಂದು ಗುಂಪಿನ ಪಾಲು, ಮಧ್ಯಮ ಗಾತ್ರದವು ಇನ್ನೊಂದು ಗುಂಪಿನದು. ಪಾಲಿ ಭಾಷೆಯ ಈ ಸುತ್ತಗಳನ್ನು ಓದುವಾಗ ಒಂದೇ ಸಾಲು ಮತ್ತೆ ಮತ್ತೆ ಬಂದು ಬೇಜಾರಾಗುತ್ತದೆ, ಅಲ್ವಾ? ಜೋರಾಗಿ ಹೇಳಿ ನೋಡಿ. ಆ ಸಾಲು ಬರುವಷ್ಟರಲ್ಲಿ ಮುಂದಿನದು ತಾನಾಗಿಯೇ ನೆನಪಾಗುತ್ತದೆ.

ಜನಸಾಮಾನ್ಯರಿಗೆ ತಲುಪಿದ್ದು ಕಥೆಗಳು. ಮಧ್ಯಪ್ರದೇಶದ ಭಾರ್ಹುತ್ ಸ್ತೂಪದ ಕಲ್ಲಿನ ಬೇಲಿಯಲ್ಲಿ ಒಂದು ಕೆತ್ತನೆಯಿದೆ: ಅನಾಥಪಿಂಡಿಕ ಎಂಬ ಸಾಹುಕಾರ ನೆಲದ ತುಂಬಾ ನಾಣ್ಯ ಹಾಸಿ, ಅದೇ ಬೆಲೆಗೆ ಜೇತವನ ಎಂಬ ತೋಪನ್ನು ಬುದ್ಧನಿಗಾಗಿ ಕೊಂಡ ಕಥೆ. ಎತ್ತುಗಳ ಕೊರಳು ಬಿಚ್ಚಿ ಗಾಡಿ ನಿಲ್ಲಿಸಿದ್ದಾರೆ. ಆಳುಗಳು ಚೌಕ ನಾಣ್ಯಗಳನ್ನು ನೆಲದ ತುಂಬಾ ಹಾಸುತ್ತಿದ್ದಾರೆ. ದಾನ ಧಾರೆಯೆರೆಯಲು ಅವನ ಕೈಯಲ್ಲಿ ನೀರಿನ ಗಿಂಡಿ. ಕೆಳಗೆ ಬ್ರಾಹ್ಮಿ ಲಿಪಿಯಲ್ಲಿ ಒಂದೇ ಸಾಲು. ಕಥೆ ಮೊದಲೇ ಗೊತ್ತಿದ್ದವರಿಗೆ, ಇಲ್ಲವೇ ಪಕ್ಕದಲ್ಲಿ ನಿಂತು ಹೇಳುವವರಿದ್ದರೆ ಮಾತ್ರ ಅಷ್ಟು ಸಾಕು.

ಹಾಗಾದರೆ ಬರೆದಿಟ್ಟದ್ದು ಯಾಕೆ? ಮರೆತುಹೋಗುತ್ತದೆ ಅನ್ನುವ ಹೆದರಿಕೆಯಿಂದ. ಕ್ರಿ.ಪೂ. 1ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಯುದ್ಧ, ಬರಗಾಲ ಎರಡೂ ಬಂದವು. ಒಂದು ಗ್ರಂಥ ಒಬ್ಬನೇ ಭಿಕ್ಷುವಿಗೆ ಬಾಯಿಪಾಠ ಬರುತ್ತಿತ್ತಂತೆ, ಅವನ ನಡತೆಯೂ ಸರಿಯಿರಲಿಲ್ಲವಂತೆ. ಆದರೂ ಅವನ ಹತ್ತಿರವೇ ಕೂತು ಕಲಿತರು ಅಂತ ಹಳೆಯ ವ್ಯಾಖ್ಯಾನ ಹೇಳುತ್ತದೆ. ನನಗೆ ತುಂಬಾ ತಟ್ಟುವ ಕಥೆ ಇದು. ವಟ್ಟಗಾಮಣಿ ಅಭಯ ರಾಜನ ಕಾಲದಲ್ಲಿ ತ್ರಿಪಿಟಕ, ಅಂದರೆ ಬೌದ್ಧರ ಮೂಲ ಗ್ರಂಥಗಳ ಸಂಗ್ರಹ, ಬರಹಕ್ಕೆ ಇಳಿಯಿತು. ಅದು ಆದದ್ದು ಮಾತಲೆ ಹತ್ತಿರದ ಅಲುವಿಹಾರದಲ್ಲಿ ಅನ್ನುತ್ತಾರೆ.

ಅದಕ್ಕೂ ಮೊದಲೇ, ಕ್ರಿ.ಪೂ. 3ನೇ ಶತಮಾನದಲ್ಲಿ, ಅಶೋಕ ಬಂಡೆಗಳ ಮೇಲೆ ಬರೆಸಿದ. ನಮ್ಮ ಚಿತ್ರದುರ್ಗದ ಬ್ರಹ್ಮಗಿರಿಯ ಶಾಸನ ತಂದೆತಾಯಿಯ ಮಾತು ಕೇಳಿ, ಸತ್ಯ ಹೇಳಿ, ಗುರುವನ್ನು ಗೌರವಿಸಿ ಅನ್ನುತ್ತದೆ. ಆದರೆ ಅದರ ಭಾಷೆ ಪ್ರಾಕೃತ. ಊರಿನವರಿಗೆ ಯಾರೋ ಬಿಡಿಸಿ ಹೇಳಲೇಬೇಕಿತ್ತು. ಒಡಿಶಾದ ಧೌಲಿಯ ಬಂಡೆಯಲ್ಲಂತೂ ಅಶೋಕನೇ ಸ್ಪಷ್ಟವಾಗಿ ಹೇಳಿದ್ದಾನೆ: ತಿಷ್ಯ (ಪುಷ್ಯ) ನಕ್ಷತ್ರದ ದಿನ ಇದನ್ನು ಕೇಳಿಸಬೇಕು, ನಡುವೆಯೂ ಆಗಾಗ ಕೇಳಿಸಬಹುದು, ಕೇಳುವವನು ಒಬ್ಬನೇ ಇದ್ದರೂ ಸರಿ.